ದುಡುಕು ಎಂದರೆ ಅವಸರವಲ್ಲ

ಕರಡು ತಿದ್ದುವ ನನ್ನ ಮೇಜಿಗೆ ಕಳೆದ ತಿಂಗಳು ಬಂದ ಆತ್ಮಕಥನವೊಂದರಲ್ಲಿ ಈ ವಾಕ್ಯವಿತ್ತು: ‘ಡಾಕ್ಟರು ದುಡುಕಿ ಆಪರೇಷನ್ ಮಾಡಿದ್ದರಿಂದ ನಮ್ಮ ಯಜಮಾನರ ಜೀವ ಉಳಿಯಿತು.’ ಬರೆದವರು ಎಪ್ಪತ್ತು ದಾಟಿದ ಹಿರಿಯರು. ಆ ವೈದ್ಯರನ್ನು ದೇವರೆಂದೇ ನಂಬಿದವರು. ಓದುವವರಿಗೆ ಮಾತ್ರ ವೈದ್ಯರು ಎಡವಟ್ಟು ಮಾಡಿದರು, ಯಜಮಾನರು ಹೇಗೋ ಬದುಕಿಕೊಂಡರು ಎಂದು ಅನಿಸುತ್ತದೆ. ‘ದುಡುಕಿ’ಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಅಂಚಿನಲ್ಲಿ ‘ತಡಮಾಡದೆ’ ಎಂದು ಬರೆದೆ.

ಈ ಒಂದು ತಿದ್ದುಪಡಿಯನ್ನು ಮಾಡಿ ಮಾಡಿ ನನಗೆ ಸಾಕಾಗಿದೆ. ಹೊಸಬರಷ್ಟೇ ಅಲ್ಲ, ನುರಿತ ವರದಿಗಾರರೂ ಬೇಗ ನಡೆದದ್ದಕ್ಕೆಲ್ಲ ದುಡುಕು ಎಂದು ಬರೆಯುತ್ತಾರೆ. ದುಡುಕಿಗೆ ಬೇಕಾದದ್ದು ವೇಗವಲ್ಲ, ವಿವೇಚನೆಯ ಕೊರತೆ. ರಾತ್ರಿಯಿಡೀ ಸಿಟ್ಟಿನಲ್ಲಿ ಹೊರಳಾಡಿ, ಬೆಳಿಗ್ಗೆ ಎದ್ದು ಸ್ನಾನ ಮುಗಿಸಿ, ಒಂದಕ್ಷರವೂ ತಪ್ಪದಂತೆ ರಾಜೀನಾಮೆ ಬರೆದು ಕೊಟ್ಟವನೂ ದುಡುಕಿದವನೇ. ಅವನಿಗೆ ಎಂಟು ಗಂಟೆ ಸಮಯವಿತ್ತು. ಮುಂದೇನು ಎಂಬ ಯೋಚನೆ ಇರಲಿಲ್ಲ. ಬಸ್ ತಪ್ಪೀತೆಂದು ಓಡುವವನದು ಅವಸರ. ಫಲಿತಾಂಶಕ್ಕೆ ಕಾದು ಕುಳಿತವಳದು ಆತುರ. ಮದುವೆಮನೆಯದು ಗಡಿಬಿಡಿ. ಇವರಲ್ಲಿ ಯಾರೂ ದುಡುಕುತ್ತಿಲ್ಲ.

ಅನುಮಾನ ಬಂದಾಗ ನಾನು ಆ ಜಾಗದಲ್ಲಿ ‘ಹಿಂದುಮುಂದು ನೋಡದೆ’ ಎಂದು ಇಟ್ಟು ಓದುತ್ತೇನೆ. ಅದು ಒಪ್ಪಿದರೆ ದುಡುಕು ಇರಲಿ. ‘ಬೇಗನೆ’ ಎಂಬುದಷ್ಟೇ ಒಪ್ಪಿದರೆ ಬೇರೆ ಪದ ಹುಡುಕಬೇಕು. ‘ಡಾಕ್ಟರು ಹಿಂದುಮುಂದು ನೋಡದೆ ಆಪರೇಷನ್ ಮಾಡಿದರು’ ಎಂದು ಆ ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಅಯ್ಯೋ, ಹಾಗೆ ನಾನೆಲ್ಲಿ ಬರೆದೆ!’ ಎಂದು ಗಾಬರಿಯಾದರು.

‘ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ’ ಎಂಬ ಗಾದೆ ಹೇಳುವುದು ದುಡುಕನ್ನೇ. ಮೂಗನ್ನು ಎಷ್ಟು ಬೇಗ ಕೊಯ್ದರು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಸಂಸ್ಕೃತ ಕವಿ ಭಾರವಿಯ ‘ಕಿರಾತಾರ್ಜುನೀಯ’ ಕಾವ್ಯದಲ್ಲಿ ಯುದ್ಧಕ್ಕೆ ಹಾತೊರೆಯುವ ಭೀಮನಿಗೆ ಧರ್ಮರಾಜ ‘ಸಹಸಾ ವಿದಧೀತ ನ ಕ್ರಿಯಾಮ್’ ಎನ್ನುತ್ತಾನೆ. ದುಡುಕಿ ಏನನ್ನೂ ಮಾಡಬಾರದು ಎಂದು ಹೇಳಿ, ಮರುಮಾತಿನಲ್ಲೇ ಅವನು ಬೆರಳು ತೋರಿಸುವುದು ಅವಿವೇಕದ ಕಡೆಗೆ. ತೆಲುಗಿನಲ್ಲೂ ಇದು ದುಡುಕೇ. ತ್ಯಾಗರಾಜರು ಗೌಳ ರಾಗದ ಪಂಚರತ್ನ ಕೃತಿಯನ್ನು ಈ ಪದದಿಂದಲೇ ಆರಂಭಿಸಿ, ತಮ್ಮ ತಪ್ಪುಗಳನ್ನು ಸಾಲುಸಾಲಾಗಿ ಒಪ್ಪಿಕೊಳ್ಳುತ್ತಾರೆ. ತಮಿಳಿನ ‘ತುಡುಕ್ಕು’ ತುಂಟತನ, ಉದ್ಧಟತನದ ಕಡೆಗೆ ವಾಲಿದೆ.

ಕನ್ನಡದ ದುಡುಕಿನಲ್ಲಿ ಕೇಡಿನ ಉದ್ದೇಶವಿಲ್ಲ. ‘ಹುಡುಗ, ದುಡುಕಿಬಿಟ್ಟ’ ಎಂದು ತಾಯಿ ಹೇಳಿದರೆ ಮಗನ ತಪ್ಪನ್ನು ಒಪ್ಪಿಕೊಂಡೇ ಕ್ಷಮೆ ಕೇಳಿದಂತೆ. ಆದ್ದರಿಂದಲೇ ತಿಂಗಳುಗಟ್ಟಲೆ ಸಂಚು ಹೂಡಿ ಮಾಡಿದ ಅಪರಾಧವನ್ನು ದುಡುಕು ಎಂದು ವರದಿ ಬರೆದಾಗ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ. ಒಂದೇ ಪದದಲ್ಲಿ ಆರೋಪಿಗೆ ಅರ್ಧ ಮಾಫಿ ಕೊಟ್ಟಂತಾಗುತ್ತದೆ.

ಇನ್ನು ವ್ಯಾಕರಣ: ದುಡುಕುವುದಕ್ಕೆ ಕರ್ಮಪದ ಬೇಡ. ‘ನಿರ್ಧಾರವನ್ನು ದುಡುಕಿದರು’ ತಪ್ಪು, ‘ನಿರ್ಧಾರದಲ್ಲಿ ದುಡುಕಿದರು’ ಸರಿ.

ಆಡುಮಾತಿನಲ್ಲಿ ಈ ಗೆರೆಗಳು ಅಳಿಸಿಹೋಗುವುದುಂಟು ಎಂಬುದನ್ನು ಒಪ್ಪುತ್ತೇನೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎನ್ನುವಾಗ ಆತುರವೂ ದುಡುಕಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಆದರೆ ಅವಸರವನ್ನು ಮೆಚ್ಚಬೇಕಾದ ಸಂದರ್ಭಗಳಿವೆ. ದುಡುಕನ್ನು ಮೆಚ್ಚುಗೆಯಾಗಿ ಬಳಸಿದ್ದನ್ನು ನನ್ನ ಕಿವಿ ಇನ್ನೂ ಕೇಳಿಲ್ಲ.

ಆ ಹಿರಿಯರು ತಿದ್ದುಪಡಿಗೆ ಒಪ್ಪಿದರು. ಆದರೆ ಮೂವತ್ತು ಪುಟಗಳ ಹಿಂದೆ, ಮದುವೆಯಾದ ಹೊಸದರಲ್ಲಿ ಯಜಮಾನರು ತಂದೆಯೊಡನೆ ಜಗಳವಾಡಿ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಹೊರಟ ಪ್ರಸಂಗವಿದೆ. ‘ಅಲ್ಲಿರುವ ದುಡುಕನ್ನು ಮುಟ್ಟಬೇಡಿ’ ಎಂದರು. ಅದನ್ನು ನಾನು ಮುಟ್ಟಿರಲೇ ಇಲ್ಲ.