ಸಿಬಾರಿಸ್ ಹಾಳಾಗಿದ್ದು ಸುಖದಿಂದ ಅಲ್ಲ

ಪ್ರಶ್ನೆ: ಇಂಗ್ಲಿಷ್ ನಿಘಂಟಿನಲ್ಲಿ ‘ಸೈಬರೈಟ್’ ಅಂದರೆ ಭೋಗಿ ಅಂತ ಇದೆ. ಸಿಬಾರಿಸ್ ಎಂಬ ಗ್ರೀಕ್ ಊರಿನವರು ಸುಖಕ್ಕೆ ಬಿದ್ದು, ಕುದುರೆಗಳಿಗೂ ಕುಣಿತ ಕಲಿಸಿ, ಕೊನೆಗೆ ಯುದ್ಧ ಸೋತರಂತೆ. ನಿಜಾನಾ?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪರೀಕ್ಷೆಗೆ ಓದುವವರೇ ಜಾಸ್ತಿ ಕೇಳುತ್ತಾರೆ. ಇಷ್ಟು ದಿನ ‘ಅಲ್ಲ’ ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದೆ. ಅದು ಸಾಲದು ಅಂತ ಈಗ ಗೊತ್ತಾಗಿದೆ.

ಊರಿನ ಕಥೆ ಚಿಕ್ಕದು. ಕ್ರಿ.ಪೂ. 720ರ ಸುಮಾರಿಗೆ ಗ್ರೀಸಿನ ಅಕೀಯ ಸೀಮೆಯವರು ದಕ್ಷಿಣ ಇಟಲಿಯ ಕರಾವಳಿಗೆ ಬಂದು, ಎರಡು ಹೊಳೆಗಳ ನಡುವಿನ ಬಯಲಲ್ಲಿ ನೆಲೆಯೂರಿದರು. ಮೆಕ್ಕಲು ಮಣ್ಣು, ಕೈತುಂಬ ಬೆಳೆ, ಎದುರಿಗೆ ಸಮುದ್ರ. ಅವರ ಕೈಕೆಳಗೆ 25 ಊರುಗಳಿದ್ದವು ಎಂದು ಹಳೇ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಕ್ರಿ.ಪೂ. 510ರಲ್ಲಿ ನೆರೆಯ ಕ್ರೋಟನ್ ನಗರ ಅದನ್ನು ನೆಲಸಮ ಮಾಡಿತು.

ಈಗ ಕುದುರೆಗೆ ಬರೋಣ. ಔತಣಗಳಲ್ಲಿ ಕೊಳಲಿಗೆ ಕುಣಿಯುವುದನ್ನು ಸಿಬಾರಿಸಿನವರು ಕುದುರೆಗಳಿಗೆ ಕಲಿಸಿದ್ದರಂತೆ. ಕ್ರೋಟನ್ನಿನವರು ರಣರಂಗದಲ್ಲಿ ಅದೇ ರಾಗ ನುಡಿಸಿದರಂತೆ. ಕುದುರೆಗಳು ಸವಾರರನ್ನೂ ಹೊತ್ತುಕೊಂಡೇ ಕುಣಿಯುತ್ತಾ ಶತ್ರುವಿನ ಕಡೆ ಹೋಗಿಬಿಟ್ಟವಂತೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ನಮಗೆ ಇದನ್ನು ಹೇಳುವ ಗ್ರೀಕ್ ಲೇಖಕ ಅಥೀನಿಯಸ್ ಬರೆದದ್ದು ಕ್ರಿ.ಶ. 200ರ ಸುಮಾರಿಗೆ, ಅಂದರೆ ಊರು ಬಿದ್ದು 700 ವರ್ಷಗಳಾದ ಮೇಲೆ. ಅವನು ಅರಿಸ್ಟಾಟಲನ ಹೆಸರು ಹೇಳುತ್ತಾನೆ, ಸರಿ. ಆದರೆ ಅರಿಸ್ಟಾಟಲ್ ಹುಟ್ಟಿದ್ದೂ ಆ ಯುದ್ಧ ಮುಗಿದು 126 ವರ್ಷಗಳಾದ ಮೇಲೆ.

ಇನ್ನೂ ಮುಖ್ಯವಾದದ್ದು ಮುಂದಿದೆ. ಅದೇ ಅಥೀನಿಯಸ್ ಅಲ್ಲೇ ಕಾರ್ಡಿಯಾ ಎಂಬ ಬೇರೊಂದು ಊರಿನ ಬಗ್ಗೆಯೂ ಇದೇ ಕಥೆ ಹೇಳುತ್ತಾನೆ. ಅಲ್ಲೂ ಔತಣ, ಅಲ್ಲೂ ಕೊಳಲು, ಅಲ್ಲೂ ಕುಣಿದ ಕುದುರೆ, ಅಲ್ಲೂ ಸೋಲು. ಊರಿನ ಹೆಸರು ಮಾತ್ರ ಬೇರೆ. ಊರಿಂದೂರಿಗೆ ಅಲೆಯುವ ಕಥೆ ಇದು. ಇದನ್ನು ಇತಿಹಾಸ ಅಂತ ಹೇಗೆ ನಂಬೋದು?

ಗ್ರೀಕ್ ಇತಿಹಾಸಕಾರ ಹೆರೊಡೊಟಸನನ್ನು ಕೇಳಿ. ಸಿಬಾರಿಸ್ ಇದ್ದ ನೆಲದಲ್ಲೇ ಮುಂದೆ ಎದ್ದ ಊರಿನಲ್ಲಿ ಅವನು ವಾಸವಾಗಿದ್ದ. ಯುದ್ಧದ ಬಗ್ಗೆ ಸೋತವರ ವಂಶದವರು ಏನನ್ನುತ್ತಾರೆ, ಗೆದ್ದವರ ಕಡೆಯವರು ಏನನ್ನುತ್ತಾರೆ ಅಂತ ಎರಡನ್ನೂ ಬರೆದಿದ್ದಾನೆ. ಸ್ಪಾರ್ಟಾದ ರಾಜಕುಮಾರ ಡೊರಿಯಸ್ ಕ್ರೋಟನ್ನಿಗೆ ನೆರವಾದನೋ ಇಲ್ಲವೋ ಅನ್ನುವುದೇ ಅವರ ಜಗಳ. ಕುದುರೆಗಳ ಸುದ್ದಿಯೇ ಇಲ್ಲ. ಗೆದ್ದವರಿಗೆ ಇಂಥ ಕಥೆ ಗೊತ್ತಿದ್ದರೆ ಬಿಡುತ್ತಿದ್ದರೇ?

ಶ್ರೀಮಂತಿಕೆ ಇರಲಿಲ್ಲ ಅನ್ನುತ್ತಿಲ್ಲ. ಖಂಡಿತ ಇತ್ತು. ಆದರೆ ಭೋಗಕ್ಕೆ ಹೆಸರಾದ ಸಿಬಾರಿಸಿನ ಸ್ಮಿಂಡಿರಿಡಿಸ್ ಬದುಕಿದ್ದು ಊರು ಬೀಳುವ ಎರಡು ತಲೆಮಾರು ಮೊದಲು, ಸಿಬಾರಿಸ್ ಉತ್ತುಂಗದಲ್ಲಿದ್ದಾಗ. ಸುಖ ಊರನ್ನು ಮೆತ್ತಗೆ ಮಾಡಿದ್ದರೆ ಆಗಲೇ ಮಾಡಬೇಕಿತ್ತು.

ಹಾಗಾದರೆ ಬಿದ್ದದ್ದು ಹೇಗೆ? ಒಳಜಗಳದಿಂದ. ತೆಲಿಸ್ ಎಂಬ ನಾಯಕ ಜನರನ್ನು ಎತ್ತಿಕಟ್ಟಿ 500 ಸಿರಿವಂತರನ್ನು ಊರಾಚೆ ಹಾಕಿಸಿದ, ಅವರ ಆಸ್ತಿಯನ್ನೂ ಕಿತ್ತುಕೊಳ್ಳಲಾಯಿತು. ಅವರು ಕ್ರೋಟನ್ನಿನ ಬಲಿಪೀಠಗಳ ಬಳಿ ಆಶ್ರಯ ಬೇಡಿದರು. ಒಪ್ಪಿಸಿ, ಇಲ್ಲವೇ ಯುದ್ಧ ಎಂದ ತೆಲಿಸ್. ಬೇಡಿ ಬಂದವರನ್ನು ಬಿಟ್ಟುಕೊಡಬೇಡಿ ಎಂದವನು, ಗ್ರೀಕ್ ಇತಿಹಾಸಕಾರ ಡಿಯೊಡೊರಸ್ ಹೇಳುವಂತೆ, ನಮಗೆಲ್ಲ ಗಣಿತದಿಂದ ಗೊತ್ತಿರುವ ಪೈಥಾಗೊರಸ್. ಕ್ರೋಟನ್ನಿನ ಸೇನೆ ನಡೆಸಿದವನು ಆರು ಸಲ ಒಲಿಂಪಿಕ್ ಕುಸ್ತಿ ಗೆದ್ದ ಮೈಲೋ.

ನನಗೆ ಸಂಕಟವಾಗುವುದು ಅವರ ನಾಣ್ಯಗಳನ್ನು ನೋಡಿದಾಗ. ಸಿಬಾರಿಸಿನದು ತೆಳ್ಳಗಿನ ಅಗಲವಾದ ಬೆಳ್ಳಿ ಬಿಲ್ಲೆ. ಒಂದು ಕಡೆ, ಕತ್ತು ಹಿಂದಕ್ಕೆ ತಿರುಗಿಸಿದ ಗೂಳಿ ಉಬ್ಬಾಗಿ ನಿಂತಿದೆ. ತಿರುಗಿಸಿದರೆ ಅದೇ ಗೂಳಿ, ಮೇಣದಲ್ಲಿ ಅಚ್ಚೊತ್ತಿದ ಹಾಗೆ ಒಳಕ್ಕೆ ಇಳಿದಿದೆ. ಕ್ರೋಟನ್ನಿನ ನಾಣ್ಯದಲ್ಲಿ ಗೂಳಿಯ ಬದಲು ಮುಕ್ಕಾಲಿ, ಕೈಚಳಕ ಮಾತ್ರ ಅದೇ. ಇಬ್ಬರೂ ಅಕೀಯದಿಂದಲೇ ಬಂದವರು.

ಒಂದು ವಿಷಯ ಯಾರೂ ಕೇಳುವುದಿಲ್ಲ: ಆಮೇಲೆ ಏನಾಯಿತು? ಸ್ಮಿಂಡಿರಿಡಿಸ್ ಒಮ್ಮೆ ಸಿಕಿಯಾನ್ ಎಂಬ ಗ್ರೀಕ್ ಊರಿನ ದೊರೆಯ ಮಗಳು ಅಗರಿಸ್ಟೆಯನ್ನು ಮದುವೆಯಾಗಲು ಹೋಗಿದ್ದ, ಆದರೆ ಅವಳು ಅಥೆನ್ಸಿನ ಮೆಗಕ್ಲಿಸನ ಪಾಲಾಗಿದ್ದಳು. ಆ ದಂಪತಿಯ ಮರಿಮಗನೇ ಅಥೆನ್ಸಿನ ಹೆಸರಾಂತ ನಾಯಕ ಪೆರಿಕ್ಲಿಸ್. ಅವನ ಕಾಲದಲ್ಲಿ, ಕ್ರಿ.ಪೂ. 444ರ ಸುಮಾರಿಗೆ, ಸಿಬಾರಿಸಿನ ಜಾಗದಲ್ಲಿ ಅಥೆನ್ಸ್ ಥೂರಿಯೈ ಎಂಬ ಊರು ಕಟ್ಟಿಸಿತು. ಹೆರೊಡೊಟಸ್ ಇದ್ದದ್ದು ಅಲ್ಲೇ. ಹಳೇ ಸಿಬಾರಿಸಿನ ಮನೆತನದವರೂ ವಾಪಸ್ ಬಂದರು. ಬಂದವರು ದೊಡ್ಡ ಹುದ್ದೆಗಳನ್ನೂ ಊರ ಹತ್ತಿರದ ಹೊಲಗಳನ್ನೂ ತಮಗೇ ಇಟ್ಟುಕೊಂಡು, ದೂರದ ನೆಲವನ್ನು ಹೊಸಬರಿಗೆ ಕೊಟ್ಟರು. ಹೊಸಬರು ಸಂಖ್ಯೆಯಲ್ಲಿ ಜಾಸ್ತಿ ಇದ್ದರು. ಹಳಬರಲ್ಲಿ ಹೆಚ್ಚಿನವರನ್ನು ಕೊಂದೇ ಹಾಕಿದರು. ಇಲ್ಲಿ ಔತಣ ಎಲ್ಲಿದೆ, ಕೊಳಲು ಎಲ್ಲಿದೆ?

ಕ್ರಿ.ಪೂ. 193ರಲ್ಲಿ ರೋಮನ್ನರು ಅದೇ ಜಾಗದಲ್ಲಿ ಕೋಪಿಯಾ ಎಂಬ ನೆಲೆ ಮಾಡಿದರು. ಈಗ ಮೂರೂ ಊರುಗಳು ಹೊಳೆ ತಂದ ಹೂಳಿನಡಿ ಒಂದರ ಮೇಲೊಂದು ಮಲಗಿವೆ. ಸಿಬಾರಿಸ್ ಎಲ್ಲಕ್ಕಿಂತ ಕೆಳಗೆ, ಅಂತರ್ಜಲದ ಮಟ್ಟಕ್ಕಿಂತಲೂ ಆಳದಲ್ಲಿದೆ. ಅಗೆಯಬೇಕಾದರೆ ಪಂಪು ಹಾಕಿ ನೀರೆತ್ತುತ್ತಲೇ ಇರಬೇಕು. 2013ರ ಜನವರಿಯಲ್ಲಿ ಹೊಳೆ ಉಕ್ಕಿ, ಅಗೆದು ತೆರೆದಿದ್ದ ಬೀದಿಗಳ ಮೇಲೆ ಮತ್ತೆ ಕೆಸರು ಹರಡಿತು.