ಟೌನ್ ಹಾಲ್‌ನಲ್ಲಿ ಮೇಯರ್ ಯಾಕೆ ಕೂರುವುದಿಲ್ಲ?

ಪ್ರಶ್ನೆ: ಟೌನ್ ಹಾಲ್ ಅಂದ ಮೇಲೆ ಮೇಯರ್ ಕಚೇರಿ, ಪಾಲಿಕೆ ಸಭೆ ಎಲ್ಲ ಅಲ್ಲೇ ಇರಬೇಕಲ್ವಾ? ಬೆಂಗಳೂರಿನಲ್ಲಿ ಯಾಕೆ ಹಾಗಿಲ್ಲ?

ಉತ್ತರ: ಅದನ್ನು ಕಟ್ಟಿದಾಗ ಬೆಂಗಳೂರಿಗೆ ಮೇಯರೇ ಇರಲಿಲ್ಲ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು, 1935ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಉದ್ಘಾಟಿಸಿದರು. ಆಗ ಇದ್ದದ್ದು ಎರಡು ಬೆಂಗಳೂರು. ಪೇಟೆ ಕಡೆ ಮೈಸೂರು ಸಂಸ್ಥಾನದ್ದು, ದಂಡು ಅಂದರೆ ಕಂಟೋನ್ಮೆಂಟ್ ಬ್ರಿಟಿಷರದ್ದು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಎರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಮೇಯರ್ ಹುದ್ದೆ ಬಂದದ್ದೂ ಆಮೇಲೆಯೇ. ಅದಕ್ಕೂ ಮುಂಚೆ ಮುನಿಸಿಪಾಲಿಟಿಗೆ ಅಧ್ಯಕ್ಷರಿರುತ್ತಿದ್ದರು. ಪೇಟೆಯ ಮುನಿಸಿಪಾಲಿಟಿಗೆ ಹಾಗೆ ಅಧ್ಯಕ್ಷರಾಗಿದ್ದವರು ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ. ಪುರಭವನಕ್ಕೆ ಇರುವುದು ಅವರದೇ ಹೆಸರು.

ಇನ್ನೊಂದು ಕಾರಣ, ಇದು ಮೊದಲಿನಿಂದಲೂ ಸಭಾಂಗಣ. ಭಾಷಣ, ನಾಟಕ, ಸಂಗೀತ, ಸನ್ಮಾನ ಎಲ್ಲಕ್ಕೂ ಊರಿನವರು ಸೇರುವ ಜಾಗ. ಪಾಲಿಕೆಯ ಕೇಂದ್ರ ಕಚೇರಿ ಬೆಳೆದದ್ದು ಹಡ್ಸನ್ ಸರ್ಕಲ್‌ನಲ್ಲಿ, ಇಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ. ಕೌನ್ಸಿಲ್ ಸಭೆಗಳು ನಡೆಯುತ್ತಿದ್ದದ್ದೂ ಅಲ್ಲಿನ ಕೆಂಪೇಗೌಡ ಪೌರಸಭಾಂಗಣದಲ್ಲೇ.

ಹಾಗಿದ್ದರೂ ಇಲ್ಲೇ ಯಾರೋ ದೊಡ್ಡವರು ಕೂತಿದ್ದಾರೆ ಅನ್ನಿಸುವುದಕ್ಕೆ ಕಟ್ಟಡದ ಠೀವಿಯೇ ಕಾರಣ. ಜೆ.ಸಿ. ರಸ್ತೆ ಕಡೆ ಹೋದಾಗ ಒಮ್ಮೆ ನಿಂತು ನೋಡಿ. ಅಗಲವಾದ ಮೆಟ್ಟಿಲು, ಅದರ ಮೇಲೆ ಸಾಲಾಗಿ ಎತ್ತರದ ದುಂಡು ಕಂಬ, ಅವುಗಳ ಮೇಲೆ ತ್ರಿಕೋನದ ಮುಖ. ಇದು ಗ್ರೀಕ್-ರೋಮನ್ ಶೈಲಿ. ಕಂಬಗಳು ಟಸ್ಕನ್ ಬಗೆಯವು. ಅಂದರೆ ಉದ್ದುದ್ದ ಗೀರಿಲ್ಲ, ತುದಿಯಲ್ಲಿ ಎಲೆ-ಬಳ್ಳಿಯ ಕೆತ್ತನೆಯಿಲ್ಲ. ನಮ್ಮ ಹೊಯ್ಸಳ ಕಂಬ ನೋಡಿದ ಕಣ್ಣಿಗೆ ಇದು ಬರೀ ಬೋಳು ಅನ್ನಿಸಬಹುದು. ನನಗಂತೂ ಆ ಬೋಳುತನವೇ ಇಷ್ಟ.

ಆ ಮೆಟ್ಟಿಲಿಗೆ ಇನ್ನೊಂದು ಕಥೆಯೂ ಇದೆ. ಅಧಿಕಾರಿಯೊಬ್ಬರೂ ಕೂರದ ಈ ಕಟ್ಟಡದ ಮುಂದೆ ದಶಕಗಳ ಕಾಲ ಧರಣಿ, ಘೋಷಣೆ ನಡೆದವು. ನೂರಾರು ಜನ ಮೆಟ್ಟಿಲ ಮೇಲೆ ನಿಂತರೆ ಎಲ್ಲರ ಮುಖ, ಎಲ್ಲರ ಫಲಕ ರಸ್ತೆಗೆ ಕಾಣುತ್ತದೆ. ಫೋಟೊಗೂ ಚೆಂದ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರು ಬೈದುಕೊಂಡದ್ದೂ ಸುಳ್ಳಲ್ಲ ಬಿಡಿ. ಈಗ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ ಎಂಬ ನಿಯಮ ಬಂದಿದೆ. ಪುರಭವನದ ಒಳಗಿನ ಸಭೆ, ಸಮಾರಂಭಗಳಿಗೆ ಅದು ಅನ್ವಯಿಸುವುದಿಲ್ಲ.