ಗಂಡಸರ ಆಪರೇಷನ್ ಎಲ್ಲಿ ಕಳೆದುಹೋಯಿತು?

ಹೆರಿಗೆ ವಾರ್ಡಿನಲ್ಲಿ ಎರಡನೇ ಮಗು ಹುಟ್ಟಿದ ಮರುದಿನ ಕೇಳಿಬರುವ ಮಾತು ಇದು: ‘ಎರಡಾಯ್ತಲ್ಲ, ಆಪರೇಷನ್ ಮಾಡಿಸ್ಕೊಂಡೇ ಹೋಗಿ.’ ಮಾತು ಬಾಣಂತಿಗೆ. ಗಂಡ ಫ್ಲಾಸ್ಕ್ ಹಿಡಿದು ಹೊರಗೆ ನಿಂತಿರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ಶೇ 57ರಷ್ಟು ಮಂದಿ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಕಾಲಂನಲ್ಲಿ 0.0. ದೇಶದ ಲೆಕ್ಕ ಶೇ 37.9 ಮತ್ತು 0.3.

‘ಗಂಡಸರು ಒಪ್ಪಲ್ಲ ಬಿಡಿ’ ಎಂದು ಇಲಾಖೆಯವರು ಹೇಳುವುದುಂಟು. ಆದರೆ 1960ರ ದಶಕದ ಕೊನೆಯಲ್ಲಿ ಈ ದೇಶದಲ್ಲಿ ಆಪರೇಷನ್ ಎಂದರೆ ಬಹುಪಾಲು ಗಂಡಸರದ್ದೇ. ಆ ಗಂಡಸರು ಎಲ್ಲಿ ಹೋದರು ಎಂದು ಹುಡುಕಿದರೆ ವಿದೇಶಿ ನೆರವಿನ ಕಥೆಯೂ ಜೊತೆಗೇ ಬಿಚ್ಚಿಕೊಳ್ಳುತ್ತದೆ.

ಶುರುವಾತು ನಮ್ಮಲ್ಲೇ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಖರ್ಚಿನಲ್ಲಿ ಜನನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. 1952ರಲ್ಲಿ ಕೇಂದ್ರ ಸರ್ಕಾರ ಕುಟುಂಬ ಯೋಜನೆ ಆರಂಭಿಸುವ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಪ್ರಯೋಗಕ್ಕೆ ಆರಿಸಿಕೊಂಡ ಜಾಗಗಳಲ್ಲಿ ರಾಮನಗರವೂ ಒಂದು. ಪ್ರಯೋಗ ‘ಸುರಕ್ಷಿತ ದಿನ’ಗಳದ್ದು, ಅಂದರೆ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಿರುವ ದಿನಗಳಲ್ಲಷ್ಟೇ ಕೂಡುವುದು. ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು: ದಿನಕ್ಕೊಂದು ಮಣಿ ಸರಿಸಬೇಕು, ಹಸಿರು ಬಂದರೆ ಸರಿ, ಕೆಂಪು ಬಂದರೆ ಬೇಡ. ಯೋಜನೆ ನೆಲಕಚ್ಚಿತು. ಸರ ಹೆಂಡತಿಯ ಕೈಯಲ್ಲಿ, ಕೆಂಪು ಮಣಿಯ ದಿನ ತಡೆದುಕೊಳ್ಳಬೇಕಾದವನು ಗಂಡ. ಮುಂದಿನ ಎಪ್ಪತ್ತು ವರ್ಷಗಳ ತೊಡಕು ಆ ಸರದಲ್ಲೇ ಇತ್ತು.

1965ರಲ್ಲಿ ಗರ್ಭಕೋಶದೊಳಗೆ ಇಡುವ ಪ್ಲಾಸ್ಟಿಕ್ ಸಾಧನ ಲಿಪ್ಪಿಸ್ ಲೂಪ್ ಬಂತು, ಲಕ್ಷಗಟ್ಟಲೆ ಹೆಂಗಸರಿಗೆ ಹಾಕಿದರು. ರಕ್ತಸ್ರಾವ ಶುರುವಾದಾಗ ನೋಡುವವರಿರಲಿಲ್ಲ. ಲೂಪ್ ಹೆಸರು ಕೆಟ್ಟಿತು. ಬರಗಾಲದ ಆ ವರ್ಷಗಳಲ್ಲೇ ಅಮೆರಿಕದ ಅಧ್ಯಕ್ಷ ಜಾನ್ಸನ್ ಗೋಧಿ ಹಡಗುಗಳನ್ನು ತಡೆತಡೆದು ಬಿಡುತ್ತಿದ್ದರು, ಜನಸಂಖ್ಯೆ ಇಳಿಸಿ ಎಂಬ ಒತ್ತಡವೂ ಅದರೊಂದಿಗೆ ಬರುತ್ತಿತ್ತು. ಜನನ ಇಳಿಸುವ ಗುರಿ ಮುಟ್ಟಲು ಉಳಿದ ಅಗ್ಗದ ದಾರಿ ವ್ಯಾಸೆಕ್ಟಮಿ, ಅಂದರೆ ಗಂಡಸರ ವೀರ್ಯನಾಳ ತುಂಡರಿಸುವ ಆಪರೇಷನ್. ಹೊಟ್ಟೆ ಕೊಯ್ಯಬೇಕಿಲ್ಲ, ಹಾಸಿಗೆ ಬೇಕಿಲ್ಲ. 1971ರ ಜುಲೈನಲ್ಲಿ ಎರ್ನಾಕುಳಂನ ಒಂದೇ ಶಿಬಿರದಲ್ಲಿ 63,000ಕ್ಕೂ ಹೆಚ್ಚು ಆಪರೇಷನ್ ನಡೆದವು, ಹೆಚ್ಚುಕಡಿಮೆ ಎಲ್ಲವೂ ಗಂಡಸರವು. ನಗದು, ಬಟ್ಟೆ, ಅಕ್ಕಿ ಕೊಟ್ಟಿದ್ದರು. ಕೂಲಿಯವನಿಗೆ ಅದು ವಾರಗಟ್ಟಲೆ ದುಡಿಮೆ. ಅದನ್ನು ಪೂರ್ತಿ ಸ್ವಇಚ್ಛೆ ಎನ್ನಲಾಗದು. ಆದರೂ ಪೊಲೀಸರು ಎಳೆತಂದದ್ದಲ್ಲ.

ಎಳೆತಂದದ್ದು ತುರ್ತು ಪರಿಸ್ಥಿತಿಯಲ್ಲಿ. 1976–77ರ ಒಂದೇ ವರ್ಷದಲ್ಲಿ ಸುಮಾರು 83 ಲಕ್ಷ ಆಪರೇಷನ್, ಅದರಲ್ಲಿ 62 ಲಕ್ಷ ಗಂಡಸರು. ಇಷ್ಟು ಜನರನ್ನು ಆಪರೇಷನ್‌ಗೆ ಕರೆತರಬೇಕೆಂದು ಶಿಕ್ಷಕರಿಗೆ ಕೋಟಾ, ಮುಟ್ಟದಿದ್ದರೆ ಸಂಬಳಕ್ಕೆ ಕತ್ತರಿ. ಹರಿಯಾಣದ ಉತ್ತಾವರ್‌ನಲ್ಲಿ ಪೊಲೀಸರು ಊರನ್ನೇ ಸುತ್ತುವರಿದು ಗಂಡಸರನ್ನು ಹೊತ್ತೊಯ್ದರು. ನೆರವಿನ ದುಡ್ಡು ಆಗಲೂ ನಿಲ್ಲಲಿಲ್ಲ. ವಿಶ್ವಬ್ಯಾಂಕ್ ಅಧ್ಯಕ್ಷ ಮೆಕ್‌ನಮಾರಾ 1976ರಲ್ಲೇ ಇಲ್ಲಿಗೆ ಬಂದು ಹೋದರು. ಮರುವರ್ಷ ಒಟ್ಟು ಆಪರೇಷನ್ 10 ಲಕ್ಷಕ್ಕಿಂತ ಕೆಳಗಿಳಿಯಿತು, ಗಂಡಸರ ಪಾಲು ಐದರಲ್ಲೊಂದು. ಸರ್ಕಾರ ‘ಕುಟುಂಬ ಯೋಜನೆ’ಯನ್ನು ‘ಕುಟುಂಬ ಕಲ್ಯಾಣ’ ಎಂದು ಬದಲಾಯಿಸಿ, ಗುರಿಯನ್ನು ಮಾತ್ರ ಉಳಿಸಿಕೊಂಡಿತು. ಸಿಟ್ಟಾದ ಗಂಡಸು ಓಟಿನಲ್ಲಿ ಉತ್ತರ ಕೊಟ್ಟಿದ್ದ, ಇನ್ನು ಅವನ ತಂಟೆ ಬೇಡ. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ತೂರಿಸುವ, ಎಂಬತ್ತರ ದಶಕದ ಲ್ಯಾಪರೊಸ್ಕೋಪ್ ಉಪಕರಣ ಆ ಗುರಿಯನ್ನು ಹೆಂಗಸರ ಹೊಟ್ಟೆಗೆ ಸಲೀಸಾಗಿ ದಾಟಿಸಿತು.

ಜನಸಂಖ್ಯೆ ಕುರಿತ 1994ರ ಕೈರೋ ಸಮ್ಮೇಳನದಲ್ಲಿ 179 ಸರ್ಕಾರಗಳು ಗಂಡಸರ ಹೊಣೆಗಾರಿಕೆಯ ಬಗ್ಗೆ ಒಪ್ಪಿ ಬರೆದವು. 1996ರಲ್ಲಿ ಭಾರತ ಗುರಿಪದ್ಧತಿ ಕೈಬಿಟ್ಟಿತು. ಬ್ರೆಜಿಲ್‌ನ ‘ಪ್ರೋಗ್ರಾಂ ಎಚ್’ ಮಾದರಿಯ, ಹುಡುಗರೊಂದಿಗೆ ಗಂಡಸುತನದ ಬಗ್ಗೆ ಮಾತಾಡುವ ಕಾರ್ಯಾಗಾರಗಳು ಮುಂಬೈಗೂ ಬಂದವು. ಅಲ್ಲಿ ಅದರ ಹೆಸರು ‘ಯಾರಿ ದೋಸ್ತಿ’. ಒಳ್ಳೆಯ ಕೆಲಸವೇ. ಆದರೆ ಕಾರ್ಯಾಗಾರದ ದುಡ್ಡು ಒಂದು ಕಡೆಯಿಂದ, ಆಪರೇಷನ್ ಟೇಬಲ್ಲಿನ ದುಡ್ಡು ಇನ್ನೊಂದು ಕಡೆಯಿಂದ. ಮನಸ್ಸು ಮಾಡಿದ ಗಂಡಸು ತಾಲ್ಲೂಕು ಆಸ್ಪತ್ರೆಗೆ ಹೋದರೆ ತರಬೇತಾದ ಸರ್ಜನ್ ಇರಬೇಕಲ್ಲ?

ಆಪರೇಷನ್ನೇನೋ ಈಗ ತೀರಾ ಸಣ್ಣದು. 1974ರಲ್ಲಿ ಚೀನಾದ ಲಿ ಶುನ್‌ಚಿಯಾಂಗ್ ರೂಪಿಸಿದ ವಿಧಾನದಲ್ಲಿ ಬ್ಲೇಡೇ ಇಲ್ಲ. ಲಿಗ್ನೊಕೇನ್ ಚುಚ್ಚಿ ಮರಗಟ್ಟಿಸಿ, ಚರ್ಮದ ಮೇಲಿಂದಲೇ ವೀರ್ಯನಾಳವನ್ನು ಉಂಗುರದ ಕ್ಲ್ಯಾಂಪಿನಲ್ಲಿ ಹಿಡಿಯುತ್ತಾರೆ. ಚೂಪುತುದಿಯ ಫೋರ್ಸೆಪ್ಸ್‌ನಿಂದ ಒಂದು ರಂಧ್ರ, ನಾಳ ಹೊರಗೆಳೆದು ತುಂಡರಿಸಿ ಕಟ್ಟುವುದು, ಅದೇ ರಂಧ್ರದಿಂದ ಇನ್ನೊಂದು ಬದಿ. ಕಾಲು ಗಂಟೆಯ ಕೆಲಸ, ಹೊಲಿಗೆ ಇಲ್ಲ. ಎರಡು ದಿನ ವಿಶ್ರಾಂತಿ, ಬಿಗಿ ಒಳಚಡ್ಡಿ, ಒಂದು ವಾರ ಸೈಕಲ್ ಬೇಡ. ಟೆಸ್ಟೋಸ್ಟೆರಾನ್ ಈ ನಾಳದಲ್ಲಿ ಹರಿಯುವುದಿಲ್ಲ, ನೇರ ರಕ್ತಕ್ಕೆ ಸೇರುತ್ತದೆ. ‘ಶಕ್ತಿ ಹೋಗುತ್ತೆ, ಮೂಟೆ ಎತ್ತೋಕಾಗಲ್ಲ’ ಎಂಬ ಭಯಕ್ಕೆ ಬುಡವಿಲ್ಲ.

ಎಡವಟ್ಟಾಗುವುದು ಆಮೇಲೆ. ನಾಳದ ಮುಂಭಾಗದಲ್ಲಿ ಮೊದಲೇ ಸೇರಿದ್ದ ವೀರ್ಯಾಣುಗಳು ಖಾಲಿಯಾಗಬೇಕು. ಅದಕ್ಕೇ ಮೂರು ತಿಂಗಳು ಕಾಂಡೋಮ್ ಬಳಸಿ, ನಂತರ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಪ್ರಮಾಣಪತ್ರ. ಡಬ್ಬಿ ಹಿಡಿದು ಲ್ಯಾಬಿನ ಕ್ಯೂನಲ್ಲಿ ನಿಲ್ಲಲು ನಾಚಿ ಗಂಡ ತಪ್ಪಿಸಿಕೊಳ್ಳುತ್ತಾನೆ. ಹೆಂಡತಿ ಬಸುರಾದರೆ ಊರಿನ ಕಣ್ಣು ಅವಳ ನಡತೆಯ ಮೇಲೆ. ಈ ಹೆದರಿಕೆಯಿಂದಲೇ ‘ನಾನೇ ಮಾಡಿಸ್ಕೋತೀನಿ’ ಎನ್ನುವ ಹೆಂಗಸರಿದ್ದಾರೆ. ಇದನ್ನೆಲ್ಲ ಗಂಡನಿಗೆ ಬಿಡಿಸಿ ಹೇಳಬೇಕಾದವರು ಆಶಾ ಕಾರ್ಯಕರ್ತೆಯರು. ಅದೇ ಊರಿನ ಸೊಸೆ, ಪಕ್ಕದ ಬೀದಿಯ ಗಂಡಸಿನ ಜೊತೆ ವೃಷಣದ ಮಾತು ಆಡಬೇಕು. ಅವರು ಅತ್ತೆಯನ್ನೂ ಬಾಣಂತಿಯನ್ನೂ ಕಂಡು ಮಾತಾಡಿ ಬರುತ್ತಾರೆ, ಬೇರೆ ದಾರಿಯಾದರೂ ಏನಿದೆ?

ಹೆಂಗಸರ ಆಪರೇಷನ್ ಅಪಾಯವಿಲ್ಲದ್ದೇನಲ್ಲ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಬಳಿ ಒಂದೇ ದಿನ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಶಿಬಿರಗಳನ್ನು ನಿಲ್ಲಿಸಲು ಹೇಳಿತು. ಗಂಡಸರಿಗಾಗಿ ಪ್ರತಿ ನವೆಂಬರ್‌ನಲ್ಲಿ ಹದಿನೈದು ದಿನಗಳ ವ್ಯಾಸೆಕ್ಟಮಿ ಅಭಿಯಾನವಿದೆ, ಪರಿಹಾರಧನವೂ ಹೆಂಗಸರಿಗಿಂತ ಹೆಚ್ಚು. 2020ರ ಫೆಬ್ರುವರಿಯಲ್ಲಿ ಮಧ್ಯಪ್ರದೇಶ ಇನ್ನೂ ಮುಂದೆ ಹೋಯಿತು: ಒಬ್ಬ ಗಂಡಸನ್ನೂ ಕರೆತರದ ಪುರುಷ ಆರೋಗ್ಯ ಕಾರ್ಯಕರ್ತರ ಸಂಬಳ ತಡೆಯುವುದಾಗಿ ಸುತ್ತೋಲೆ ಹೊರಟಿತು. ತುರ್ತು ಪರಿಸ್ಥಿತಿ ಮರಳಿತೆಂದು ಗದ್ದಲವೆದ್ದು, ಅದೇ ತಿಂಗಳು ವಾಪಸಾಯಿತು.